ಮಗಳ ಫಿಲ್ಟರುಗಳು ನನ್ನ ಕೈಗೆ ಬಂದಾಗ

ಗೀರು ಕಣ್ಣಿನ ನಡುವೆ ಬಿದ್ದಿರಲಿಲ್ಲ, ಅಂಚಿನಲ್ಲಿತ್ತು. ಹೆಬ್ಬಾಳದ ಕಣ್ಣಿನ ಡಾಕ್ಟರು ಈ ಮಾತು ಹೇಳಿದಾಗ ನಾನು ಅವರಿಗೆ ಕಾಣದಂತೆ ಮೇಜಿನ ಕೆಳಗೇ ಕೈ ಮುಗಿದೆ. ಮಗಳು ಕಾಂಟ್ಯಾಕ್ಟ್ ಲೆನ್ಸ್ ತೆಗೆಯದೆ ಮಲಗಿಬಿಟ್ಟಿದ್ದಳು, ಒಂದು ದಿನ ಅಲ್ಲ, ಆ ವಾರವಿಡೀ. ಕರಿಗುಡ್ಡೆಯ ಮೇಲೆ ಗೀರಾಗಿ ಅದಕ್ಕೆ ನಂಜು ತಗಲಿತ್ತು. ಗಂಟೆಗೊಮ್ಮೆ ಹನಿ ಹಾಕಬೇಕು, ಕೋಣೆ ಕತ್ತಲೆಯಾಗಿರಬೇಕು, ವಾಸಿಯಾಗುವವರೆಗೆ ಮೊಬೈಲು ಕಂಪ್ಯೂಟರು ಯಾವುದರ ಬೆಳಕೂ ಕಣ್ಣಿಗೆ ಬೀಳಬಾರದು ಅಂದರು. ದೃಷ್ಟಿಗೆ ಏನೂ ಆಗುವುದಿಲ್ಲ ಅಂತಲೂ ಅಂದರು. ಉಳಿದದ್ದೆಲ್ಲ ನನಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಕಣ್ಣು ವಾಸಿಯಾಗುವವರೆಗೆ ಮಾಂಸ ಮುಟ್ಟುವುದಿಲ್ಲ ಅಂತ ಅಲ್ಲೇ ಕೂತು ಹರಕೆ ಹೊತ್ತುಕೊಂಡೆ.

ಅಲ್ಲಾಳಸಂದ್ರಕ್ಕೆ ವಾಪಸು ಬರುವಾಗ ಆಟೋದಲ್ಲಿ ಅವಳು ನನ್ನ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೂತಿದ್ದಳು. ಫ್ಲೈಓವರ್ ಇಳಿದ ಮೇಲೆ ಸೆರಗಿನೊಳಗಿಂದಲೇ ಹೇಳಿದಳು: "ಅಮ್ಮಾ, ಬೀಗರೂಟ ಭಾನುವಾರ."

ಅವಳು ಹೇಳಿದ್ದು ಊಟದ ವಿಷಯ ಅಲ್ಲ. ಯಶವಂತಪುರದ ಕಡೆ ಮದುವೆ ವಿಡಿಯೊ ಮಾಡುವ ಒಂದು ಸ್ಟುಡಿಯೋದಲ್ಲಿ ಅವಳು ಕೆಲಸ ಮಾಡುತ್ತಿದ್ದಳು. ಅಲ್ಲಿಯ ಯಜಮಾನ ಎಲ್ಲರೆದುರೇ ಕಿರುಚುವವನು. ಇವಳಿಗೆ ಸಾಕಾಗಿ, ನನ್ನ ಕೆಲಸ ನಾನೇ ಮಾಡ್ಕೊಳ್ತೀನಿ ಅಂತ ಹೇಳಿ ಎದ್ದು ಬಂದಿದ್ದಳು. "ಮಳೆಗಾಲ ಮುಗಿಯೋ ಹೊತ್ತಿಗೆ ಇದೇ ಬಾಗಿಲಿಗೆ ಬರ್ತೀಯ" ಅಂದಿದ್ದನಂತೆ ಅವನು. ಮನೆಯಲ್ಲಿ ಕೂತು ಹಿಡಿದ ಮೊದಲನೆ ಸ್ವಂತ ಕೆಲಸ ರಾಜಾನುಕುಂಟೆಯ ಒಂದು ಮನೆಯದು. ಹಳೇ ಒಕ್ಕಲು ಮನೆತನ, ಈಗ ಲೇಔಟು ಮಾಡಿ ಚೆನ್ನಾಗಿದ್ದಾರೆ. ಅವರ ಮಗನ ಮದುವೆಯ ಚಿತ್ರವನ್ನು ಬೀಗರೂಟದ ದಿನ ಶಾಮಿಯಾನದೊಳಗೆ ದೊಡ್ಡ ಎಲ್‌ಇಡಿ ಪರದೆಯ ಮೇಲೆ ಹಾಕಿಸುತ್ತಾರೆ. ಅದು ಚೆನ್ನಾಗಿ ಬಂದರೆ ಅಷ್ಟು ಜನ ನೆಂಟರ ಕಣ್ಣಿಗೆ ಇವಳ ಕೆಲಸ ಬೀಳುತ್ತದೆ. ಬರದಿದ್ದರೆ?

"ಇದು ಕೈತಪ್ಪಿದ್ರೆ ಮತ್ತೆ ಆ ಸ್ಟುಡಿಯೋಗೇ ಹೋಗಿ ನಿಲ್ಬೇಕು" ಅಂದಳು.

"ಇನ್ನೂ ಏನು ಬಾಕಿ ಇದೆ?"

"ಕತ್ತರಿಸಿ ಜೋಡಿಸಿದ್ದು, ಹಾಡು ಕೂರಿಸಿದ್ದು ಎಲ್ಲಾ ಆಗಿದೆ. ಫಿಲ್ಟರ್‌ಗಳು ಒಂದ್ಸಲ ನೋಡಿ ಸರಿ ಮಾಡ್ಬೇಕಿತ್ತು. ಅದನ್ನ ಕಣ್ಣಿಲ್ದೆ ಮಾಡಕ್ಕಾಗಲ್ಲ."

"ನನಗೆ ಎರಡು ಕಣ್ಣಿವೆಯಲ್ಲ" ಅಂದೆ. ಕಂಪ್ಯೂಟರಿನ ಮೇಲೆ ಧೂಳು ಒರೆಸಿದ್ದು ಬಿಟ್ಟರೆ ನಾನು ಅದನ್ನು ಮುಟ್ಟಿದವಳಲ್ಲ. ಗೆಳತಿಯರನ್ನು ಕರೆಯೋಣ ಅಂದರೆ ಆ ಕೆಲಸ ಬಲ್ಲವರೆಲ್ಲ ಅದೇ ಸ್ಟುಡಿಯೋದವರು. ಕಣ್ಣು ಕೆಟ್ಟ ಸುದ್ದಿ ಆ ಯಜಮಾನನ ಕಿವಿಗೆ ಬೀಳುವುದು ಅವಳಿಗೆ ಬೇಡವಾಗಿತ್ತು.

ಶನಿವಾರ ಬೆಳಿಗ್ಗೆ ಪೂಜೆ ಮುಗಿಸಿ ಆಂಜನೇಯನಿಗೆ ವಿಷಯ ಹೇಳಿಕೊಂಡು ಅವಳ ಕೋಣೆಗೆ ಹೋದೆ. ನಮ್ಮವರು ಕೆಲಸಕ್ಕೆ ಹೊರಡುವ ಮೊದಲು ಮಂಚಕ್ಕೂ ಮೇಜಿಗೂ ನಡುವೆ ಹಗ್ಗ ಕಟ್ಟಿ ದಪ್ಪ ಬೆಡ್‌ಶೀಟು ಇಳಿಬಿಟ್ಟಿದ್ದರು, ಪರದೆಯ ಬೆಳಕು ಅವಳ ಕಡೆ ಹೋಗದಿರಲಿ ಅಂತ. ಆ ಕಡೆ ಅವಳು ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದಾಳೆ, ಈ ಕಡೆ ನಾನು ಕುರ್ಚಿಗೆ ದಿಂಬು ಹಾಕಿಕೊಂಡು ಕೂತಿದ್ದೇನೆ. ಮದುವೆಯ ಅಂತರಪಟದ ಹಾಗೆ ನಡುವೆ ಬಟ್ಟೆ.

"ಎಡಗಡೆ ಮೇಲೆ ಒಂದು ಪಟ್ಟಿ ಕಾಣ್ತಿದೆಯಾ? ಒಂದರ ಕೆಳಗೊಂದು ಇಂಗ್ಲಿಷ್ ಹೆಸರು?"

"ಇದೆ."

"ಅವೇ ಫಿಲ್ಟರ್‌ಗಳು. ಒಂದೊಂದರ ಪಕ್ಕ ಸಣ್ಣ ಗುಂಡಿ ಇರುತ್ತೆ. ಅದನ್ನ ಒತ್ತಿದ್ರೆ ಆ ಫಿಲ್ಟರ್ ಸುಮ್ನಾಗುತ್ತೆ, ಮತ್ತೆ ಒತ್ತಿದ್ರೆ ಕೆಲಸ ಶುರು ಮಾಡುತ್ತೆ. ಯಾವುದನ್ನೂ ಅಳಿಸ್ಬೇಡ ಆಯ್ತಾ, ಸುಮ್ನಿರಿಸು ಅಷ್ಟೆ."

ಅಷ್ಟು ಸಿಕ್ಕಿದ್ದೇ ನನಗೆ ಧೈರ್ಯ ಬಂತು. ಯಾವುದೂ ಹಾಳಾಗುವುದಿಲ್ಲ, ಸುಮ್ಮನಿರುತ್ತದೆ. ಮನೆಯಲ್ಲೂ ಇಂಥದೊಂದು ಗುಂಡಿ ಇದ್ದಿದ್ದರೆ ಅಂದುಕೊಂಡೆ.

ಆಮೇಲೆ ಕ್ರಮದ ವಿಷಯ ಬಂತು. ಈ ಪಟ್ಟಿಯಲ್ಲಿ ಮೇಲಿರುವ ಫಿಲ್ಟರು ಮೊದಲು ಕೆಲಸ ಮಾಡುತ್ತದೆ, ಅದು ಮಾಡಿ ಕೊಟ್ಟದ್ದನ್ನು ಕೆಳಗಿನದು ತೆಗೆದುಕೊಳ್ಳುತ್ತದೆ ಅಂದಳು. ಸರಿ ಅಂದೆ. ಆದರೆ ಪರದೆಯ ತಳದಲ್ಲಿ ಇನ್ನೊಂದು ಉದ್ದನೆಯ ಪಟ್ಟಿ ಇದೆ, ಚಿತ್ರದ ತುಣುಕುಗಳದು. ಅದಕ್ಕೆ ಲೇಯರ್ ಅನ್ನುತ್ತಾರೆ. ಅಲ್ಲಿ ಎಲ್ಲಕ್ಕಿಂತ ಕೆಳಗಿರುವುದು ತಳಕ್ಕೆ ಹೋಗುತ್ತದೆ, ಮೇಲಿರುವುದು ಎಲ್ಲದರ ಮೇಲೆ ಬಂದು ಕೂರುತ್ತದೆ.

"ಒಂದೇ ಪರದೆ ಮೇಲೆ ಎರಡು ನ್ಯಾಯವೇನೇ?"

"ನಾನು ಮಾಡಿದ್ದಲ್ಲಮ್ಮಾ. ಅದು ಹಾಗೇ."

ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಮೇಲಿನ ಪಟ್ಟಿ ಅಡುಗೆ ಮಾಡುವ ಕ್ರಮ, ಕೆಳಗಿನದು ಬೀರುವಿನಲ್ಲಿ ಸೀರೆ ಒಟ್ಟಿದ ಹಾಗೆ ಅಂತ ಗಂಟು ಹಾಕಿಕೊಂಡ ಮೇಲೆ ತಪ್ಪಲಿಲ್ಲ. ಅವಳು ಪರೀಕ್ಷೆಗೆಂದು ಹೊಳಪು ಕೊಡುವ ಫಿಲ್ಟರನ್ನು ಹಿಡಿದು ಎಲ್ಲಕ್ಕಿಂತ ಮೇಲಕ್ಕೆ ಎಳೆಯಲು ಹೇಳಿದಳು. ಎಳೆದೆ. ಚಿತ್ರದ ಕತ್ತಲೆ ಮೂಲೆಯಲ್ಲಿದ್ದ ಧೂಳಿನಂಥ ಚುಕ್ಕಿಗಳೆಲ್ಲ ಮಿಣಮಿಣ ಮಿನುಗತೊಡಗಿದವು.

"ಏನೋ ಹುಳ ಹರಿದಾಡಿದ ಹಾಗಿದೆ."

"ಅದೇ. ಆ ಚುಕ್ಕಿ ತೆಗೆಯೋ ಫಿಲ್ಟರ್ ಮೊದಲು ಬರ್ಬೇಕು, ಹೊಳಪು ಆಮೇಲೆ."

"ಕಸ ಗುಡಿಸಿ ಆಮೇಲೆ ದೀಪ ಹಚ್ಚಬೇಕು ಅಂತ ತಾನೆ? ಹಾಗಂತ ಹೇಳಬಾರದಾ ಮೊದಲೇ."

ಬೆಡ್‌ಶೀಟಿನ ಆಚೆ ಅವಳು ನಕ್ಕಳು. ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಅದೇ ಮೊದಲು. ಆ ನಗು ಕೇಳಿಸಿತಲ್ಲ, ಅಷ್ಟಕ್ಕೇ ಆ ಬೆಳಗು ಸಾರ್ಥಕ ಅನ್ನಿಸಿತು.

ಇಂಗ್ಲಿಷ್ ಹೆಸರುಗಳು ನನಗೆ ತೊಡಕಾಗಿದ್ದವು. ಅಕ್ಷರ ಗೊತ್ತು, ಕೂಡಿಸಿ ಓದುವಷ್ಟರಲ್ಲಿ ಅವಳು ಮುಂದಿನ ಮಾತಿಗೆ ಹೋಗಿರುತ್ತಿದ್ದಳು. ಕೊನೆಗೆ ಅವಳೇ, ಹೆಸರಿನ ಮೇಲೆ ಕ್ಲಿಕ್ ಮಾಡಿ ಎಂಟರ್ ಒತ್ತಿ ನಿನಗೆ ಬೇಕಾದ ಹೆಸರು ಇಟ್ಕೋ ಅಂದಳು. ಒಂದೊಂದು ಏನು ಮಾಡುತ್ತದೆ ಅಂತ ಅವಳನ್ನು ಕೇಳಿ ನಾಮಕರಣ ಮಾಡಿದೆ. ಚುಕ್ಕಿ ತೆಗೆಯುವುದು ಕಸ. ಹೊಳಪು ದೀಪ. ಚರ್ಮ ನಯ ಮಾಡುವುದು ಮುಖ. ಹಿಂದಿನದನ್ನೆಲ್ಲ ಮಸುಕು ಮಾಡುವುದು ಮಂಜು. ಇನ್ನೊಂದು ಇತ್ತು, ಚಿತ್ರದ ಹಳದಿ ತಗ್ಗಿಸಿ ತಣ್ಣಗೆ ಮಾಡುತ್ತದಂತೆ. ಅದಕ್ಕೆ ತಂಪು ಅಂತ ಇಟ್ಟೆ. ಈ ತಂಪನ್ನು ಅವಳು ಯಾವ ತುಣುಕಿಗೂ ಹಾಕಿರಲಿಲ್ಲ. ಎಲ್ಲಕ್ಕಿಂತ ಮೇಲೆ ಒಂದು ಖಾಲಿ ಲೇಯರ್ ಇಟ್ಟು ಅದಕ್ಕೆ ಹಾಕಿದ್ದಳು. "ಅದು ಗಾಜಿನ ಥರ ಅಮ್ಮಾ. ಗಾಜಿಗೆ ಹಚ್ಚಿದ್ದು ಕೆಳಗಿರೋ ಎಲ್ಲದಕ್ಕೂ ಬೀಳುತ್ತೆ." ಆ ಹೊತ್ತಿಗೆ ನಾನು ಹೂಂ ಅಂದೆ, ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ.

ಮೊದಲಿಂದ ನೋಡಿಕೊಂಡು ಬಂದೆವು. ನಾನು ಕಂಡದ್ದು ಹೇಳುವುದು, ಅವಳು ಏನು ಒತ್ತಬೇಕು ಅನ್ನುವುದು. ಹೊಸ ಸೊಸೆ ಗಂಡನ ಮನೆಗೆ ಸೇರು ಒದ್ದು ಒಳಗೆ ಬರುವ ತುಣುಕು ಬಂದಾಗ ನಾನು ಮೌಸಿನಿಂದ ಕೈ ತೆಗೆದೆ. ಹುಡುಗಿ ಒಳಗೆ ಬಂದು ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದಾಳೆ. ಅವಳ ಹಿಂದಿನ ಗೋಡೆಯಲ್ಲಿ ಮುನೇಶ್ವರನ ಪಟ, ಹೂವು, ಮುಂದೆ ಉರಿಯುವ ದೀಪ. ಎಲ್ಲಾ ಮಸುಕು. ಮಂಜು ಫಿಲ್ಟರು ಹುಡುಗಿಯೊಬ್ಬಳನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ನುಂಗಿತ್ತು.

"ಇದೇನೇ, ದೇವರ ಮುಖಾನೇ ಅಳಿಸಿಟ್ಟಿದೀಯಲ್ಲ."

"ಅಮ್ಮಾ, ಅದು ಬ್ಯಾಕ್‌ಗ್ರೌಂಡ್. ಹಾಗೇ ಮಾಡೋದು. ಹುಡುಗಿ ಎದ್ದು ಕಾಣ್ಬೇಕು."

"ಮನೆ ತುಂಬಿಸ್ಕೊಳ್ಳೋದು ಯಾರ ಮುಂದೆ? ದೇವರ ಮುಂದೆ ತಾನೆ? ಆ ದೇವರೇ ಕಾಣದಿದ್ರೆ ಹೇಗೆ?"

"ಹಾಗಾದ್ರೆ ಮಂಜನ್ನ ಆಫ್ ಮಾಡಿ ನೋಡು."

ಒತ್ತಿದೆ. ಮುನೇಶ್ವರ ಮೀಸೆಯ ಸಮೇತ ಸ್ಪಷ್ಟವಾಗಿ ಬಂದ. ಜೊತೆಗೆ ಅವನ ಪಕ್ಕದಲ್ಲಿ ಒಂದರ ಮೇಲೊಂದು ಒಟ್ಟಿದ ಪ್ಲಾಸ್ಟಿಕ್ ಕುರ್ಚಿ, ನೀರಿನ ಕ್ಯಾನು, ಅದರಾಚೆ ಮಂಚದ ಮೇಲೆ ಬನಿಯನ್ನು ತೊಟ್ಟು ಬಾಯಿ ತೆರೆದು ಮಲಗಿದ ಗಂಡಸು.

"ಕಂಡ್ರಾ ಅವ್ರು?" ಅಂದಳು ಮಗಳು. "ಹುಡುಗನ ಚಿಕ್ಕಪ್ಪ. ಅದಕ್ಕೇ ಮಂಜು ಹಾಕಿದ್ದು."

ಇಬ್ಬರೂ ರಾಜಿಗೆ ಬಂದೆವು. ಹುಡುಗಿಯ ಸುತ್ತ ಬರೆದಿದ್ದ ಹಾಗೆ ದೇವರ ಪಟದ ಸುತ್ತಲೂ ಒಂದು ಗೆರೆ ಬರೆದರೆ ಮಂಜು ಅದರೊಳಗೆ ಹೋಗುವುದಿಲ್ಲವಂತೆ. ಚುಕ್ಕಿ ಇಡುತ್ತಾ ಬಂದು ಮೊದಲ ಚುಕ್ಕಿಗೇ ಸೇರಿಸು ಅಂದಳು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಅಲ್ಲಾಡದೆ ಇದ್ದದ್ದು ನಮ್ಮ ಪುಣ್ಯ, ಇಲ್ಲದಿದ್ದರೆ ಪಟದ ಹಿಂದೆ ಆ ಗೆರೆಯನ್ನೂ ಓಡಿಸಬೇಕಿತ್ತಂತೆ. ನಾನು ದಿನಾ ಬಾಗಿಲಿಗೆ ರಂಗೋಲಿ ಹಾಕುವವಳು, ಆದರೂ ಮೌಸಿನಲ್ಲಿ ಚುಕ್ಕಿ ಇಡುವುದು ಸೋಪಿನಲ್ಲಿ ಬರೆದ ಹಾಗೆ ಜಾರುತ್ತಿತ್ತು. ಗೆರೆ ಸೇರಿಸಿದ ಕೂಡಲೇ ಉಲ್ಟಾ ಆಯಿತು. ದೇವರೊಬ್ಬ ಮಸುಕಾಗಿ, ಚಿಕ್ಕಪ್ಪ ಹಲ್ಲು ಕಾಣುವಷ್ಟು ಸ್ಪಷ್ಟವಾದರು. ಪಕ್ಕದಲ್ಲಿ ಕೂಡಿಸು, ಕಳೆ ಅಂತ ಎರಡು ಆಯ್ಕೆ ಇತ್ತು. ಬದಲಾಯಿಸಿದ ಮೇಲೆ ಎಲ್ಲ ಅವರವರ ಜಾಗಕ್ಕೆ ಬಂದರು. ನಾನು ಪರದೆಯ ಮೇಲಿನ ಪಟಕ್ಕೇ ಕೈ ಮುಗಿದೆ. ಯಾರೂ ನೋಡಲಿಲ್ಲ.

ಮಧ್ಯಾಹ್ನ ಹನಿ ಹಾಕುತ್ತಿದ್ದಾಗ ಅವಳ ಫೋನು ಹೊಡೆದುಕೊಂಡಿತು. ಹುಡುಗನ ತಾಯಿ. ಫೋನಿನ ಬೆಳಕು ಬೀಳಬಾರದೆಂದು ನಾನೇ ತೆಗೆದುಕೊಂಡೆ.

"ಏನವ್ವಾ ಮಗ, ಆಯ್ತಾ ನಮ್ ಪಿಚ್ಚರ್ರು?"

"ನಾನು ಅವಳ ತಾಯಿ ಕಣ್ರೀ" ಅಂದೆ. ಮಗಳು ಮಲಗಿದಲ್ಲೇ ಕೈಯಾಡಿಸಿ ಹೇಳಬೇಡ ಅನ್ನುತ್ತಿದ್ದಳು. ಪೂಜೆ ಮಾಡಿದ ದಿನ ಸುಳ್ಳು ಹೇಳುವುದು ನನ್ನಿಂದಾಗದು. ಬೇರೆ ದಿನವೂ ಕಷ್ಟವೇ. "ಮಗಳಿಗೆ ಕಣ್ಣಿಗೆ ಪೆಟ್ಟಾಗಿದೆ, ಮಲಗಿದ್ದಾಳೆ. ಅವಳು ಹೇಳ್ತಿದ್ದಾಳೆ, ನಾನು ಕೂತು ಮಾಡ್ತಿದ್ದೀನಿ."

"ನೀವಾ? ನಿಮ್ಗೂ ಬರ್ತದಾ ಅದು?"

"ಬರಲ್ಲ. ಅವಳು ಹೇಳಿದ್ದನ್ನ ಒತ್ತುತೀನಿ."

"ನೋಡಕ್ಕಾ, ನಾನು ಮುಚ್ಚುಮರೆ ಮಾಡಲ್ಲ. ಸಾಯಂಕಾಲ ಯಲಹಂಕಕ್ಕೆ ಬಾಳೆ ಎಲೆ ತಗೊಳ್ಳಾಕೆ ಬರ್ತೀನಿ. ಅಂಗೇ ನಿಮ್ಮನೆಗೂ ಬಂದು ನೋಡ್ಕಂಡು ಓಗ್ತೀನಿ. ಸರಿಯಾಗಿದ್ರೆ ಸರಿ. ಇಲ್ದಿದ್ರೆ ನಮ್ಮಣ್ಣನ ಮಗ ಮೊಬೈಲ್ನಾಗ್ ತೆಗ್ದಿರೋದೈತೆ, ಅದ್ನೇ ಆಕುಸ್ತೀನಿ. ಮಗೀಗೆ ಉಷಾರು ಅಂತ ಯೋಳಿ."

ಫೋನು ಇಟ್ಟೆ. ಮಗಳು, "ಯಾಕಮ್ಮಾ ಹೇಳ್ದೆ" ಅಂದಳು. ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು ಆ ದನಿಯಲ್ಲಿ. ಅನ್ನ ಮೊಸರು ಕಲಸಿ ತಿನ್ನಿಸಿ ಮತ್ತೆ ಕುರ್ಚಿಗೆ ಬಂದೆ. ಶನಿವಾರ ನನ್ನದು ಒಪ್ಪತ್ತು, ನನ್ನ ಊಟದ ಯೋಚನೆ ಇರಲಿಲ್ಲ. ಅದೂ ಒಂದು ಅನುಕೂಲ.

"ಹುಡುಗಿ ಮುಖ ದೊಡ್ಡದು ಮಾಡಿ ನೋಡು" ಅಂದಳು. "ಮುಖ ಅಂತ ಹೆಸರಿಟ್ಯಲ್ಲ, ಆ ಫಿಲ್ಟರ್ ಜಾಸ್ತಿ ಆಗಿದೆಯಾ?"

ದೊಡ್ಡದು ಮಾಡಿದೆ. ಬೆಳಿಗ್ಗೆ ದೇವರ ಗದ್ದಲದಲ್ಲಿ ನಾನು ಹುಡುಗಿಯನ್ನೇ ಸರಿಯಾಗಿ ನೋಡಿರಲಿಲ್ಲ. ಚೆಂದದ ಹುಡುಗಿ, ಅಗಲ ಕಣ್ಣು. ಆದರೆ ಮುಖ ಪೌಡರು ಬಳಿದ ಹಾಗೆ ಬೆಳ್ಳಗಿತ್ತು.

"ಮನೆ ತುಂಬಿಸ್ಕೊಳ್ಳುವಾಗ ಅರಿಶಿನ ಹಚ್ಚಲಿಲ್ವಾ ಇವಳಿಗೆ?"

"ಹಚ್ಚಿದ್ರಮ್ಮಾ, ಕೆನ್ನೆ ತುಂಬ. ನಾನೇ ಶೂಟ್ ಮಾಡಿದ್ದು."

"ಇಲ್ಲಿ ಇಲ್ಲವಲ್ಲ."

"ಸರಿಯಾಗಿ ನೋಡು."

ನೋಡುತ್ತಾ ನೋಡುತ್ತಾ ಕಣ್ಣು ಕೆಳಗೆ ಇಳಿಯಿತು. ಕೊರಳಲ್ಲಿ ತಾಳಿಯ ದಾರ ಬಿಳಿ. ನೂಲಿನ ಹಾಗೆ, ಒಂದು ಎಳೆಯೂ ಹಳದಿ ಇಲ್ಲದೆ ಬಿಳಿ. ಮದುವೆಯಾದ ಮಾರನೆ ದಿನದ ಹುಡುಗಿಯ ಕೊರಳಲ್ಲಿ ಅದನ್ನು ಕಂಡು ಪರದೆಯಿಂದ ಮುಖ ತಿರುಗಿಸಿ ನನ್ನ ತಾಳಿಯನ್ನು ಮುಟ್ಟಿಕೊಂಡೆ. ಇದನ್ನು ಶಾಮಿಯಾನದೊಳಗೆ ಗೋಡೆಯಷ್ಟು ದೊಡ್ಡದು ಮಾಡಿ, ಎರಡೂ ಕಡೆಯ ಬೀಗರ ಮುಂದೆ, ಆ ಹುಡುಗಿಯ ತಾಯಿಯ ಮುಂದೆ ಹಾಕಿದ್ದರೆ. ಯಾರು ಫಿಲ್ಟರು ಅನ್ನುತ್ತಾರೆ? ಅಪಶಕುನ ಅನ್ನುತ್ತಾರೆ. ಆ ಹುಡುಗಿ ಆ ಮನೆಯಲ್ಲಿ ಅದನ್ನು ಹೊತ್ತುಕೊಂಡು ಬಾಳಬೇಕು.

"ದಾರ ಬಿಳಿಯಾಗಿದೆ ಕಣೇ" ಅಂದೆ ಮೆಲ್ಲಗೆ.

ಆಚೆ ಮಂಚ ಕಿರುಗುಟ್ಟಿತು, ಅವಳು ಎದ್ದು ಕೂತಿರಬೇಕು. "ತಂಪು" ಅಂದಳು. "ಅಮ್ಮಾ, ಅದು ತಂಪು ಫಿಲ್ಟರ್. ಅದನ್ನ ಹಾಕಿದ ದಿನ ನನಗೆ ಎಲ್ಲಾ ಹಳದಿ ಹಳದಿ ಕಾಣ್ತಿತ್ತು. ಲೈಟಿನ ಸುತ್ತ ಬಳೆ ಥರ. ಛತ್ರದ ಲೈಟು ಹಾಗಿದೆ ಅಂದ್ಕೊಂಡು ಹಳದಿ ತೆಗೀತಾ ಹೋದೆ. ಎಷ್ಟು ತೆಗೆದ್ರೂ ಹೋಗ್ಲಿಲ್ಲ. ಕಣ್ಣು ಕೆಟ್ಟಿದ್ದು ಅಂತ ಗೊತ್ತೇ ಆಗ್ಲಿಲ್ಲ."

ಅವಳು ಅಳಲು ಶುರು ಮಾಡಿದಳು. ನಾನು ಬೆಡ್‌ಶೀಟು ಸರಿಸಿ ಒಳಗೆ ಹೋದೆ.

"ಅಳಬೇಡ. ಹಾಕಿದ ಹನಿಯೆಲ್ಲ ಹೊರಟುಹೋಗುತ್ತೆ."

"ಹನಿ ಬಗ್ಗೆ ಯೋಚನೆ ನಿನಗೆ."

"ಮತ್ತಿನ್ಯಾರ ಬಗ್ಗೆ ಮಾಡ್ಲಿ? ತಂಪು ಸುಮ್ಮನಿರುತ್ತೆ ಗುಂಡಿ ಒತ್ತಿದ್ರೆ. ಕಣ್ಣು ಸುಮ್ಮನಿರುತ್ತಾ?"

ಅವಳ ಕೈಗೆ ಶುಭ್ರವಾದ ಬಟ್ಟೆ ಕೊಟ್ಟು ಕೆನ್ನೆ ಒರೆಸಿಕೋ ಅಂದು ವಾಪಸು ಬಂದು ಗಾಜಿನ ಲೇಯರಿನ ತಂಪಿನ ಗುಂಡಿ ಒತ್ತಿದೆ. ನೀರಿಗೆ ಅರಿಶಿನ ಕದಡಿದ ಹಾಗೆ ಹುಡುಗಿಯ ಕೆನ್ನೆಗೆ ಬಣ್ಣ ಬಂತು. ದಾರ ಹಳದಿಯಾಯಿತು, ಹಸಿ ಹಳದಿ, ಆಗಷ್ಟೇ ಕಟ್ಟಿದ ಹಾಗೆ. ನಾನು ನಿಟ್ಟುಸಿರು ಬಿಟ್ಟದ್ದು ಆಚೆಗೂ ಕೇಳಿಸಿತು.

"ಬಂತಾ?"

"ಬಂತು. ಮುಗಿಯಿತಲ್ಲ ಹಾಗಾದ್ರೆ?"

"ಛತ್ರದ್ದು ನೋಡು."

ಛತ್ರದ ತುಣುಕಿಗೆ ಹೋದರೆ ಅಲ್ಲಿ ಲೈಟುಗಳು ನಿಜವಾಗಿಯೂ ಹಳದಿಯೇ. ಜನವೆಲ್ಲ ಕ್ಯಾರೆಟ್ ಹಲ್ವದ ಬಣ್ಣಕ್ಕೆ ತಿರುಗಿದ್ದರು. "ಪುರೋಹಿತರ ಬಿಳಿ ಪಂಚೆ ಕಾವಿಯಾಗಿದೆ" ಅಂದೆ. "ಮದುವೆ ಮಾಡಿಸ್ತಾ ಮಾಡಿಸ್ತಾ ಅವರೇ ಸನ್ಯಾಸ ತಗೊಂಡ ಹಾಗಿದೆ."

ಅವಳು ಅಳುವುದನ್ನು ಬಿಟ್ಟು ಮೂಗೆಳೆದುಕೊಂಡು ನಕ್ಕಳು. ಆಮೇಲೆ ಒಂದೊಂದೇ ಹೇಳಿದಳು. ತಂಪನ್ನು ಗಾಜಿನಿಂದ ಇಳಿಸಬೇಕು. ಅದರ ನಕಲು ತೆಗೆದು ಛತ್ರದ ತುಣುಕುಗಳಿಗೆ ಮಾತ್ರ ಬೇರೆ ಬೇರೆಯಾಗಿ ಅಂಟಿಸಬೇಕು. ಅಂಟಿಸಿದರೆ ಅದು ಪಟ್ಟಿಯ ತಳಕ್ಕೆ ಹೋಗಿ ಕೂರುತ್ತದೆ, ಅಲ್ಲಿಂದ ಎಳೆದು ಕಸದ ಕೆಳಗೆ, ದೀಪದ ಮೇಲೆ ಇಡಬೇಕು. ದೀಪದ ಕೆಳಗೇ ಬಿಟ್ಟರೆ ಹೊಳಪೂ ನೀಲಿಗೆ ತಿರುಗುತ್ತದೆ. ಮನೆಯ ತುಣುಕುಗಳ ಹತ್ತಿರ ತಂಪು ಸುಳಿಯಕೂಡದು.

ಮಾಡುತ್ತಾ ಹೋದೆ. ಒಂದು ಕಡೆ ಎರಡು ಸಲ ಅಂಟಿಸಿಬಿಟ್ಟೆ, ಮಂಟಪದಲ್ಲಿ ಕೂತವರೆಲ್ಲ ಶೀತ ಹಿಡಿದವರಂತೆ ನೀಲಿಯಾದರು, ಒಂದನ್ನು ತೆಗೆದೆ. ಕೈ ನಿಧಾನವಾಗಿ ಪಳಗಿತು. ಹಿಡಿ, ಎಳೆ, ಬಿಡು. ಎಷ್ಟು ತಂಪು ಬೇಕು ಅಂತ ಕೇಳಿದ್ದಕ್ಕೆ ಪಂಚೆಯನ್ನೇ ಅಳತೆ ಇಟ್ಕೋ ಅಂದಳು, ಪಂಚೆ ಬಿಳಿಯಾದ ಕಡೆ ನಿಲ್ಲಿಸು. ಹಾಗೇ ಮಾಡಿಕೊಂಡು ಬಂದು ತಾಳಿ ಕಟ್ಟುವ ತುಣುಕಿಗೆ ಸಿಕ್ಕಿಬಿದ್ದೆ. ಅಲ್ಲಿ ಪಂಚೆಯೂ ಇದೆ, ದಾರವೂ ಇದೆ. ಪಂಚೆ ಬಿಳಿಯಾಗುವ ಹೊತ್ತಿಗೆ ದಾರ ಬಿಳಿಚಿಕೊಳ್ಳುತ್ತಿತ್ತು.

"ಎರಡೂ ಆಗ್ತಿಲ್ಲ ಕಣೇ."

"ದಾರದ ಸುತ್ತ ಗೆರೆ ಬರೆದು ಬಿಡಿಸ್ಬಹುದು. ಆದರೆ ಅಲ್ಲಿ ಕೈಗಳು ಓಡಾಡ್ತವೆ. ನಿನಗೆ ಕಷ್ಟ ಆಗುತ್ತೆ. ನೀನು ನೋಡ್ತಿದೀಯ. ನೀನೇ ಹೇಳು" ಅಂದಳು.

ಪಂಚೆ ಸ್ವಲ್ಪ ಹಳದಿಯಾಗಿರಲಿ ಅಂದೆ. ಒಗೆದು ಒಗೆದು ಎಲ್ಲರ ಮನೆ ಪಂಚೆಯೂ ಹಾಗೇ ಇರುತ್ತದೆ, ಪುರೋಹಿತರು ಬೇಸರ ಮಾಡಿಕೊಳ್ಳುವುದಿಲ್ಲ. ದಾರ ಅರಿಶಿನವಾಗಿಯೇ ಇರಬೇಕು. "ಆಯ್ತು, ಬಿಡು ಹಾಗೇ" ಅಂದಳು. ಅವಳು ನೋಡದೆಯೇ ಒಪ್ಪಿಕೊಂಡಳು.

ಎಲ್ಲ ಮುಗಿಸಿ ಚಿತ್ರವನ್ನು ಒಂದೇ ಫೈಲು ಮಾಡಲು ಇಟ್ಟಾಗ ಬಿಸಿಲು ಇಳಿದಿತ್ತು. ಪರದೆಯ ಮೇಲೆ ಒಂದು ಪಟ್ಟಿ ಇರುವೆಯ ಹಾಗೆ ತೆವಳುತ್ತದೆ, ನಡುವೆ ಕರೆಂಟು ಹೋದರೆ ಮೊದಲಿಂದ. ನಮ್ಮ ಬೀದಿಯ ಕರೆಂಟಿನ ಗುಣ ನನಗೆ ಗೊತ್ತು. ಕುರ್ಚಿಯಲ್ಲೇ ಕೂತು ವಿಷ್ಣು ಸಹಸ್ರನಾಮ ಶುರು ಮಾಡಿದೆ. ಮಗಳು, "ಅಮ್ಮಾ, ಫಾಸ್ಟಾಗಿ ಹೇಳಿದ್ರೆ ಫಾಸ್ಟಾಗಿ ಆಗಲ್ಲ" ಅಂದಳು. ಹೇಳಿ ಮುಗಿಸುವ ಮೊದಲೇ ಪಟ್ಟಿ ಮುಗಿದಿತ್ತು. ಕರೆಂಟು ಹೋಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹುಡುಗನ ತಾಯಿ ಬಂದರು. ದಪ್ಪ ಚಿನ್ನದ ಸರ, ಕಾಲಲ್ಲಿ ಹವಾಯಿ ಚಪ್ಪಲಿ. ಹೊರಗೆ ಗಾಡಿಯ ತುಂಬ ಬಾಳೆ ಎಲೆ. ಬಂದವರೇ ಬೆಡ್‌ಶೀಟಿನ ಒಳಗೆ ಹೋಗಿ ಮಗಳ ಗಲ್ಲ ಹಿಡಿದು, "ಎಂಗ್ ಮಾಡ್ಕಂಡ್ಯವ್ವಾ ಇಂಗೆ" ಅಂದರು. ಆಮೇಲೆ ಈಚೆ ಬಂದು ಕುರ್ಚಿಯಲ್ಲಿ ಕೂತು, "ಆಕಿ ನೋಡಾನ" ಅಂದರು.

ಹಾಕಿದೆ. ಅವರು ಪರದೆ ನೋಡಿದರು, ನಾನು ಅವರ ಮುಖ ನೋಡಿದೆ. ಧಾರೆ ಬಂತು, ಅವರ ತುಟಿ ಅಲುಗಿತು. ತಾಳಿ ಕಟ್ಟುವಾಗ ಸೆರಗಿನಿಂದ ಕಣ್ಣೊತ್ತಿಕೊಂಡರು. ಪಂಚೆಯ ಮಾತು ಬರಲಿಲ್ಲ. ದಾರದ ಮಾತೂ ಬರಲಿಲ್ಲ. ಅದನ್ನು ಹಳದಿಯಾಗಿಯೇ ನೋಡಿ ಮುಂದಕ್ಕೆ ಹೋದರು, ಹಳದಿಯಲ್ಲದೆ ಇನ್ನೇನಿರುತ್ತದೆ ಅನ್ನುವ ಹಾಗೆ. ಅವರು ಏನೂ ಅನ್ನದಿರಲಿ ಅಂತಲೇ ನಾನು ಆ ಮಧ್ಯಾಹ್ನವೆಲ್ಲ ಕೂತು ಕೆಲಸ ಮಾಡಿದ್ದು.

ಸೇರು ಒದೆಯುವುದು ಬಂತು. "ತಡಿ ತಡಿ" ಅಂದರು. ನಾನು ಚಿತ್ರ ನಿಲ್ಲಿಸಿದೆ.

"ಇಲ್ಲಿ ನಮ್ ಮೈದ್ನ ಮಲಗಿದ್ನಲ್ಲ, ಎಲ್ಲಿ?"

"ಅವರು ನಿದ್ದೆ ಮಾಡ್ತಿದ್ರು" ಅಂದಳು ಮಗಳು ಆಚೆಯಿಂದ. "ಚೆನ್ನಾಗಿರಲ್ಲ ಅಂತ ಮಸುಕು ಮಾಡಿದ್ದು ಆಂಟಿ."

"ಅಯ್ಯೋ, ಇರ್ಲಿ ಬುಡವ್ವ. ಮದ್ವೇಲಿ ರಾತ್ರಿಯೆಲ್ಲ ನಿಂತು ಕೆಲ್ಸ ಮಾಡಿ ಬಿದ್ಕಂಡಿದ್ದ. ನನ್ನ ಬುಟ್ಟವ್ರೆ ಅಂತ ಆರು ತಿಂಗ್ಳು ಮಾತಾಡ್ಸಾಕಿಲ್ಲ ಅವ್ನು. ಬಾಯ್ ತೆಕ್ಕಂಡಿದ್ರೇನು, ಅವ್ನು ತೆಗೆಯೋದೇ ಅಂಗೆ."

ಮಗಳು ಏನು ಮಾಡಬೇಕೆಂದು ಹೇಳುವ ಮೊದಲೇ ನಾನು ಫಿಲ್ಟರುಗಳ ಪಟ್ಟಿ ತೆಗೆದು ಮಂಜಿನ ಗುಂಡಿ ಒತ್ತಿದ್ದೆ. ಕುರ್ಚಿ, ಕ್ಯಾನು, ಚಿಕ್ಕಪ್ಪ ಎಲ್ಲ ಬಂದರು. ಅವರು ಜೋರಾಗಿ ನಕ್ಕರು. ನನ್ನ ಚುಕ್ಕಿಗಳೆಲ್ಲ ದಂಡವಾದವು, ಆದರೂ ದೇವರು ಸ್ಪಷ್ಟವಾಗಿ ಉಳಿದ. 

ಮತ್ತೊಮ್ಮೆ ಫೈಲು ಆಗುವವರೆಗೆ ಅವರು ನಮ್ಮ ಮನೆಯಲ್ಲೇ ಕೂತು ಕಾಫಿ ಕುಡಿದು ಮಗಳೊಂದಿಗೆ ಬೆಡ್‌ಶೀಟಿನ ಮೂಲಕ ಹರಟಿದರು. ಪೆನ್ ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು. ಅವರ ಗಾಡಿ ತಿರುವು ದಾಟಿದ ಮೇಲೆ ನಾನು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಬೆಳಗಿನ ಚಪಾತಿಯನ್ನು ಬೆಲ್ಲದೊಂದಿಗೆ ತಿಂದೆ. ಅಷ್ಟು ರುಚಿಯಾದ ಚಪಾತಿ ನಾನು ತಿಂದದ್ದಿಲ್ಲ.

ಭಾನುವಾರ ರಾಜಾನುಕುಂಟೆಗೆ ಹೋಗಲೇಬೇಕೆಂದು ಅವಳು ಹಟ ಹಿಡಿದಳು. ಡಾಕ್ಟರಿಗೆ ಫೋನು ಮಾಡಿ ಕೇಳಿದೆವು. ಕಪ್ಪು ಕನ್ನಡಕ ತೆಗೆಯಬಾರದು, ಪರದೆಯ ಕಡೆ ನೋಡಬಾರದು ಅಂದರು. ಶಾಮಿಯಾನದಲ್ಲಿ ಅವಳು ಎಲ್‌ಇಡಿಗೆ ಬೆನ್ನು ಹಾಕಿ ಕೂತಳು. ಎದುರಿಗೆ ನಾನು. ನನ್ನ ಹರಕೆಯ ವಿಷಯ ಕೇಳಿ ಹುಡುಗನ ತಾಯಿ ಬೇರೆ ಪಾತ್ರೆಯಲ್ಲಿ ಅನ್ನ, ಕಾಳಿನ ಸಾರು ಕಳಿಸಿದ್ದರು. ಸುತ್ತಲೂ ಮುದ್ದೆ, ಮಟನ್ ಸಾರಿನ ಘಮ. ಹಾಡು ಶುರುವಾಯಿತು.

"ಏನಾಗ್ತಿದೆ?" ಅಂದಳು. ಅವಳ ಎಲೆಯಲ್ಲಿ ಒಂದು ತುತ್ತೂ ಕಡಿಮೆಯಾಗಿರಲಿಲ್ಲ.

"ಹುಡುಗ ಕಾರಿನಿಂದ ಇಳೀತಿದ್ದಾನೆ."

"ಚಿತ್ರ ಬಿಡಮ್ಮಾ, ಅದು ನನಗೆ ಗೊತ್ತು. ಜನ."

ಜನರನ್ನು ನೋಡಿದೆ. ಮೊದಲು ಊಟದಲ್ಲೇ ಇದ್ದರು. ಆಮೇಲೆ ಬಡಿಸುವವರು ಬಕೆಟ್ಟು ಹಿಡಿದುಕೊಂಡೇ ನಿಂತುಬಿಟ್ಟರು. ಧಾರೆಯ ಹೊತ್ತಿಗೆ ಹುಡುಗಿಯ ತಾಯಿ ಎಂಜಲು ಕೈಯಲ್ಲೇ ಪರದೆಯ ಹತ್ತಿರ ಹೋಗಿ ನಿಂತರು. ಚಿಕ್ಕಪ್ಪ ಬಾಯಿ ತೆರೆದು ಮಲಗಿದ್ದು ಬಂದಾಗ ಎದ್ದ ಕೂಗಿಗೆ ಅವಳು ಬೆಚ್ಚಿದಳು. ಆ ಮನುಷ್ಯ ಎದ್ದು ನಿಂತು ನಾಲ್ಕೂ ಕಡೆಗೆ ಕೈ ಮುಗಿಯುತ್ತಿದ್ದ. ನಾನು ಎಲ್ಲವನ್ನೂ ಹೇಳಿದೆ. ಹೇಳುತ್ತಿದ್ದ ಹಾಗೆ ಅವಳ ಕೈ ಎಲೆಗೆ ಹೋಯಿತು. ಮುದ್ದೆ ಮುರಿದು ಸಾರಿಗೆ ಅದ್ದಿದಳು.

ಹೊರಡುವಾಗ ಹುಡುಗನ ತಾಯಿ ತಾಂಬೂಲ ಕೊಟ್ಟು, "ನಮ್ಮಣ್ಣನ ಮಗ್ಳದ್ದು ಶ್ರಾವಣದಾಗ್ ಐತೆ ಮದ್ವೆ. ಕಣ್ ವಾಸಿ ಮಾಡ್ಕ. ನೀನೇ ಬರ್ಬೇಕು, ಇನ್ಯಾರ್ಗೂ ಯೋಳಾಕಿಲ್ಲ" ಅಂದರು. ನನ್ನ ಕಡೆ ತಿರುಗಿ, "ನೀವ್ ಬಂದ್ರೂ ಸರಿ" ಅಂದು ನಕ್ಕರು.

ವಾಪಸು ಬರುವ ದಾರಿಯುದ್ದಕ್ಕೂ ಮಗಳು ಸ್ಟುಡಿಯೋದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಯಲಹಂಕ ಹತ್ತಿರವಾಗುತ್ತಿದ್ದಂತೆ ಹನಿ ಹಾಕುವ ಹೊತ್ತಾಯಿತು. ಆಟೋ ಒಂದು ನಿಮಿಷ ನಿಲ್ಲಿಸಿ ಅಂದೆ. ಗಡ್ಡದ ಡ್ರೈವರು ಮರದ ನೆರಳು ನೋಡಿ ನಿಲ್ಲಿಸಿ, "ಆರಾಮ್ಸೆ ಹಾಕಿ ಅಮ್ಮಾ, ಏನ್ ಅರ್ಜೆಂಟಿಲ್ಲ" ಅಂದು ತಾನು ಬೇರೆ ಕಡೆ ಮುಖ ಮಾಡಿ ಕೂತ. ಅವಳು ಕನ್ನಡಕ ಎತ್ತಿ ತಲೆ ಹಿಂದಕ್ಕೆ ಚೆಲ್ಲಿದಳು. ಕಣ್ಣಿನ ಕೆಂಪು ನಿನ್ನೆಗಿಂತ ಇಳಿದಿತ್ತು.